ಮೇಲಿನ ಕ್ಯಾಬಿನ್ನಿಗೆ ಒಂದು ಊಟದ ಡಬ್ಬಿ

ಜನವರಿ 9

ತಮ್ಮನಿಗೆ,

ಬರೀತಿರೋದು ಅಮ್ಮನ ಒತ್ತಾಯಕ್ಕೆ. ಫೋನ್ ಮಾಡಿದರೆ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳ್ತೀವಿ. ಕಾಗದದಲ್ಲಾದರೆ ಒಬ್ಬರು ಮಾತಾಡಿ ಮುಗಿಸೋವರೆಗೆ ಇನ್ನೊಬ್ಬರು ಸುಮ್ಮನಿರಲೇಬೇಕಲ್ಲ ಅಂತ ಅವಳ ಲೆಕ್ಕ.

ವಿಷಯ ಇಷ್ಟೇ. ನನ್ನನ್ನು ಕ್ರೇನಿನಿಂದ ಕೆಳಗಿಳಿಸಿದ್ದಾರೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಕ್ಯಾಬಿನ್ನಲ್ಲೇ ಊಟ ಮುಗಿಸಿ ಕೆಲಸ ಶುರು ಮಾಡಿದ್ದೆ. ಕೊಕ್ಕೆಯಲ್ಲಿ ಕಬ್ಬಿಣದ ಸರಳಿನ ಕಟ್ಟು. ಗಾಜಿನ ಮೇಲೆ ಬಿಸಿಲು, ಹೊಟ್ಟೆ ತುಂಬ ಅನ್ನ, ಕರಿದ ಆಲೂಗಡ್ಡೆ, ಗಟ್ಟಿ ಮೊಸರು. ಕೈ ಹಿಡಿಕೆ ಮೇಲೇ ಇತ್ತು, ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ. ವಾಕಿಟಾಕಿಯಲ್ಲಿ ಸೀಟಿಯಣ್ಣ ಕೂಗಿದ್ದು ಕೇಳಿ ಕಣ್ಣು ಬಿಟ್ಟರೆ ಕಟ್ಟು ಇಳಿಸಬೇಕಾದ ಜಾಗ ದಾಟಿ ಗೋಡೆ ಪಕ್ಕ ತೂಗಾಡ್ತಿತ್ತು. ಸೀಟಿಯಣ್ಣ ಅಂದರೆ ಕೆಳಗೆ ನಿಂತು ನನಗೆ ಸನ್ನೆ ಕೊಡೋನು. ನನಗೆ ಕಾಣದ ಕಡೆ ನನ್ನ ಕಣ್ಣು ಅವನೇ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಕಟ್ಟಿನ ಕೆಳಗೆ ಇಟ್ಟಿಗೆ ಹೊರುವವರು ಓಡಾಡ್ತಿದ್ದರು. ಅವರ ಮುಖ ಎಲ್ಲ ನನಗೆ ಗೊತ್ತು.

ಸೈಟ್ ಎಂಜಿನಿಯರ್ ಬೈಯಲಿಲ್ಲ. ಬೈದಿದ್ದರೆ ಹಗುರ ಆಗ್ತಿತ್ತು. ಡಾಕ್ಟರ ಹತ್ತಿರ ಕಳಿಸಿದರು. ಕಾಯಿಲೆ ಇಲ್ಲ, ಆದರೆ ಸಕ್ಕರೆ ಗಡಿ ಹತ್ತಿರ ಬಂದು ನಿಂತಿದೆ, ತೂಕ ಇಳಿಸು, ಮೊದಲು ಮಧ್ಯಾಹ್ನದ ಊಟ ಬದಲಾಯಿಸು ಅಂದರು ಡಾಕ್ಟರು. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ. ಪಾಸಾದರೆ ಕ್ಯಾಬಿನ್, ಇಲ್ಲದಿದ್ದರೆ ಉಗ್ರಾಣವೇ ಗತಿ. ಸದ್ಯ ಉಗ್ರಾಣದ ಕಿಟಕಿಯಲ್ಲಿ ಕೂತು ಬಂದವರಿಗೆ ಹೆಲ್ಮೆಟ್ಟು, ಕೈಗವಸು ಹಂಚ್ತೀನಿ.

ಹಸಿ ತರಕಾರಿ ತಿನ್ನಬೇಕಂತೆ. ಸೌತೆಕಾಯಿ, ಟೊಮ್ಯಾಟೊ ಹೆಚ್ಚಿ ಉಪ್ಪು ಹಾಕಿ ಒಯ್ದೆ. ಮಧ್ಯಾಹ್ನ ಮುಚ್ಚಳ ತೆಗೆದರೆ ಎಲ್ಲ ನೀರಲ್ಲಿ ಈಜಾಡ್ತಿತ್ತು. ತಿಂದು ಕೈ ತೊಳೆಯೋದರೊಳಗೆ ಹೊಟ್ಟೆ ತಾಳ ಹಾಕೋಕೆ ಶುರು. ಒಂದು ಪೊಟ್ಟಣ ಬಿಸ್ಕತ್ತು ಖಾಲಿ ಮಾಡಿದೆ.

ಆಸ್ಪತ್ರೆ ಅಡುಗೆಮನೇಲಿ ನಿನ್ನದು ಸಲಾಡಿನದೇ ಕೆಲಸ ಅಂತ ಅಮ್ಮ ಹೇಳಿದಳು. ಹೊಟ್ಟೆ ತುಂಬಬೇಕು, ನಿದ್ದೆ ಬರಬಾರದು, ಮಧ್ಯಾಹ್ನದವರೆಗೆ ಕೆಡಬಾರದು. ಅಂಥದ್ದೇನಾದರೂ ಇದ್ದರೆ ಬರಿ. ನೀನು ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಸೌಟು ಹಿಡಿದ ವಿಷಯ ನಾನು ಎತ್ತಲ್ಲ. ನೀನೂ ಎತ್ತಬೇಡ.

ಅಕ್ಕ


ಜನವರಿ 16

ಅಕ್ಕಾ,

ನಿನ್ನ ಅಕ್ಷರ ನೋಡಿ ಎರಡು ವರ್ಷ ಆಗಿತ್ತು. ಕಾಗದ ತಗೊಂಡು ತರಕಾರಿ ಇಡೋ ತಣ್ಣನೆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎಲೆಕೋಸಿನ ಚೀಲದ ಮೇಲೆ ಕೂತು ಓದಿದೆ. ಹೊರಗೆ ಬಂದಾಗ ಮುಖ ಯಾಕೆ ಹಾಗಾಗಿದೆ ಅಂದರು. ಒಳಗೆ ಚಳಿ ಅಂದೆ.

ನೀನು ಮಾಡಿದ್ದು ಸಲಾಡ್ ಅಲ್ಲಕ್ಕ, ಉಪ್ಪುನೀರು. ಉಪ್ಪು ಬೆಳಗ್ಗೇನೇ ಬಿದ್ದರೆ ಸೌತೆಕಾಯಿ ತನ್ನ ನೀರೆಲ್ಲ ಬಿಟ್ಟುಕೊಡುತ್ತೆ. ಇನ್ನು ಹೊಟ್ಟೆ ತುಂಬೋಕೆ ಅದರಲ್ಲಿ ಏನಿತ್ತು? ಅಗಿಯೋಕೆ ಒಂದು, ಹೊಟ್ಟೆಗೆ ಆಧಾರವಾಗಿ ಒಂದು, ನಾಲಿಗೆ ಚುರುಕು ಮಾಡೋಕೆ ಒಂದು ಇರಲೇಬೇಕು. ಆಧಾರ ಅಂದರೆ ಬೇಯಿಸಿದ ಕಡಲೆಕಾಳು, ರಾಜ್ಮಾ, ಇಲ್ಲ ಉದುರುದುರಾಗಿ ಬೆಂದ ಗೋಧಿ ನುಚ್ಚು. ಮೊಟ್ಟೆ ಬೇಕಾದರೂ ಆಗುತ್ತೆ.

ನಾಲಿಗೆಗೆ ಬೇಕಾದ್ದು ಡ್ರೆಸ್ಸಿಂಗ್. ಒಂದು ಪಾಲು ನಿಂಬೆರಸ, ಎರಡು ಪಾಲು ಒಳ್ಳೆ ಎಣ್ಣೆ, ಚಿಟಿಕೆ ಸಾಸಿವೆ ಪುಡಿ, ಉಪ್ಪು, ಕಾಳುಮೆಣಸು. ನಿಂಬೆ ತೀರಾ ಚುರ್ ಅಂದರೆ ಅರ್ಧ ಕಿತ್ತಳೆ ಹಿಂಡು, ಸಕ್ಕರೆ ಬೇಡವೇ ಬೇಡ. ಹಿಂಡುವಾಗ ಜೀವ ಹೋಗೋ ಹಾಗೆ ಹಿಂಡಬೇಡ, ಸಿಪ್ಪೆಯ ಕಹಿ ಇಳಿಯುತ್ತೆ. ಎಲ್ಲ ಒಂದು ಸಣ್ಣ ಬಾಟಲಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸು. ರಸ ಎಣ್ಣೆ ಬೇರೆ ಬೇರೆ ಕಾಣದೆ ಮಂಜಿನ ಹಾಗೆ ಮಂಕಾದರೆ ಆಯ್ತು.

ಆಮೇಲೆ ಅಗಲ ಬಾಯಿಯ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಗೋ. ಗಾಜು ಬೇಡ, ನಿಮ್ಮ ಸೈಟಿನಲ್ಲಿ ಬಿಡಲ್ಲ. ಡ್ರೆಸ್ಸಿಂಗ್ ತಳಕ್ಕೆ. ಅದರ ಮೇಲೆ ಕಾಳು, ಅದರ ಮೇಲೆ ಕ್ಯಾರೆಟ್, ಮೂಲಂಗಿಯಂಥ ಗಟ್ಟಿ ತರಕಾರಿ, ಆಮೇಲೆ ನುಚ್ಚು. ಸೊಪ್ಪು ಒದ್ದೆ ಇಲ್ಲದ ಹಾಗೆ ಒರೆಸಿ ಎಲ್ಲಕ್ಕಿಂತ ಮೇಲೆ. ಡಬ್ಬಿ ನೆಟ್ಟಗೆ ನಿಂತಿರೋವರೆಗೆ ರಸ ಸೊಪ್ಪನ್ನು ಮುಟ್ಟಲ್ಲ. ಊಟದ ಹೊತ್ತಿಗೆ ತಲೆಕೆಳಗು ಮಾಡಿ ತಟ್ಟೆಗೆ ಸುರಿ.

ಇನ್ನೊಂದು ಮಾತು. ಅಮ್ಮನ ಕೈಯಿಂದ ಅಡುಗೆಮನೆ ಕಿತ್ಕೋಬೇಡ. ಕಾಳು ನೆನೆಹಾಕಿ ಬೇಯಿಸೋ ಕೆಲಸ ಅವಳಿಗೇ ಬಿಡು. ಇಷ್ಟು ವರ್ಷ ನಿನ್ನ ಡಬ್ಬಿ ತುಂಬಿದವಳು ಅವಳು.

ಹೆಲ್ಮೆಟ್ ಹಂಚೋ ಕೆಲಸಾನೂ ಸಣ್ಣದಲ್ಲ. ಆದರೂ ನೀನು ಬೇಗ ಮೇಲೆ ಹೋಗು.

ನಿನ್ನ ತಮ್ಮ


ಜನವರಿ 30

ತಮ್ಮನಿಗೆ,

ಡ್ರೆಸ್ಸಿಂಗ್ ಅನ್ನೋ ಮಾತು ಓದಿ ಅಮ್ಮ ಗಾಬರಿಯಾದಳು. ಗಾಯಕ್ಕೆ ಕಟ್ಟೋದನ್ನ ಊಟಕ್ಕೆ ಯಾಕೆ ಹಾಕ್ತಾನೆ, ಆಸ್ಪತ್ರೇಲಿ ಇದ್ದು ಇದ್ದು ತಲೆ ಕೆಟ್ಟಿದೆಯಾ ಅಂದಳು. ನಮ್ಮ ಮನೇಲಿ ಅದಕ್ಕೆ ಹುಳಿರಸ ಅಂತ ಹೆಸರಿಟ್ಟಿದ್ದೀವಿ.

ಮೊದಲ ದಿನ ಸಣ್ಣ ಬಾಟಲಿಯ ಮುಚ್ಚಳ ಸರಿಯಾಗಿ ತಿರುಗಿಸದೆ ಉಗ್ರಾಣದಲ್ಲೇ ಅಲ್ಲಾಡಿಸಿದೆ. ಪಕ್ಕದಲ್ಲಿದ್ದ ಹೆಲ್ಮೆಟ್ಟುಗಳ ಮೇಲೆಲ್ಲ ಬಿತ್ತು. ಅವತ್ತು ಇಡೀ ಸೈಟು ನಿಂಬೆಹಣ್ಣಿನ ವಾಸನೆ ಹೊತ್ತುಕೊಂಡು ಓಡಾಡ್ತು. ಬಡಗಿಗಳು ನನಗೆ ಮೇಕೆ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಕಿಟಕಿ ಮುಂದೆ ಬಂದು ಮ್ಯಾ ಅಂತಾರೆ. ಅಂಥವರಿಗೆ ಹರಿದ ಕೈಗವಸೇ ಕೊಡ್ತೀನಿ.

ಎರಡನೇ ದಿನ ಡಬ್ಬಿ ತಲೆಕೆಳಗು ಮಾಡಿದರೆ ಸೊಪ್ಪು ಬಂತು, ನುಚ್ಚು ಬಂತು, ಕ್ಯಾರೆಟ್ ಬಂತು, ಕೊನೆಗೆ ತಟ್ಟೆ ನಡುವೆ ಧೊಪ್ ಅಂತ ಒಂದು ಮುದ್ದೆ ಅನ್ನ ಬಿತ್ತು. ನಾನು ಸ್ನಾನಕ್ಕೆ ಹೋದಾಗ ಅಮ್ಮ ಮೇಲಿಂದ ಎಲ್ಲ ತೆಗೆದು, ತಳದಲ್ಲಿ ಅನ್ನ ಇಟ್ಟು, ಮತ್ತೆ ಹಾಗೇ ಜೋಡಿಸಿದ್ದಳು. ಸಂಜೆ ಕೇಳಿದರೆ, ಎಲೆ ತಿಂದು ಮಗಳು ತಲೆತಿರುಗಿ ಬಿದ್ದರೆ ಯಾರು ಹೊಣೆ ಅಂತ ನನ್ನನ್ನೇ ಕೇಳಿದಳು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ನೀನು ಹೇಳಿದ ಹಾಗೆ ಕಾಳಿನ ಕೆಲಸ ಒಪ್ಪಿಸಿದೆ. ಈಗ ಸ್ವಲ್ಪ ಪರವಾಗಿಲ್ಲ.

ನನ್ನ ಜಾಗಕ್ಕೆ ಬೇರೆ ಸೈಟಿನಿಂದ ಒಬ್ಬನನ್ನು ಕರೆಸಿದ್ದಾರೆ. ಕೊಕ್ಕೆಯನ್ನ ಎಳೆದಾಡ್ತಾನೆ, ಅದಕ್ಕೆ ಎಲ್ಲರೂ ಅವನನ್ನ ಗಡಿಬಿಡಿ ಅಂತಲೇ ಕರೀತಾರೆ. ಕೆಟ್ಟವನಲ್ಲ. ಆದರೆ ಕೆಳಗೆ ಕೂತು ನೋಡ್ತಾ ನೋಡ್ತಾ ನನ್ನ ಕತ್ತು ನೋಯುತ್ತೆ, ಕೈಬೆರಳು ತಾವೇ ಅಲ್ಲಾಡ್ತವೆ.

ಊಟದ ಹೊತ್ತಿಗೆ ಯಾರು ನಿನಗೆ ಇದನ್ನೆಲ್ಲ ಹೇಳಿಕೊಟ್ಟಿದ್ದು ಅಂದರು. ಆಸ್ಪತ್ರೆಯಲ್ಲಿರೋ ನನ್ನ ತಮ್ಮ ಅಂದೆ. ಡಾಕ್ಟರಾ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ.

ಬರೀ ಕಡಲೆಕಾಳು ತಿಂದು ಬೇಜಾರಾಗಿದೆ. ಬೇರೆ ಏನಾದರೂ ಬರಿ.

ಅಕ್ಕ


ಫೆಬ್ರವರಿ 7

ಅಕ್ಕ,

ಕೆಂಪು ಕುಂಬಳಕಾಯಿ ಹೋಳನ್ನು ಬಾಣಲೆಯಲ್ಲಿ ಎಣ್ಣೆ ಸವರಿ ಅಂಚು ಕಂದೋವರೆಗೆ ಹುರಿದು, ಆರಿಸಿ ಹಾಕು. ರಾಜ್ಮಾ ಜೊತೆ ಚೆನ್ನಾಗಿರುತ್ತೆ. ಡ್ರೆಸ್ಸಿಂಗಿಗೆ ಮೋಸಂಬಿ ರಸ ಸೇರಿಸಿದರೆ ನಿಂಬೆ ಸ್ವಲ್ಪ ಹೆಚ್ಚು ಹಾಕು, ಮೋಸಂಬಿ ಸಪ್ಪೆ.

ಡಾಕ್ಟರಾ ಅಂತ ಕೇಳಿದಾಗ ನೀನು ಸುಮ್ಮನಿದ್ದೆ ಅಂತ ಬರೆದಿದ್ದೀಯ. ಅದನ್ನು ನನಗೆ ಬರೀದೇ ಇದ್ದಿದ್ದರೂ ನಡೀತಿತ್ತು.

ಅಮ್ಮನಿಗೆ ಹೇಳು, ಕೇಳಿದೆ ಅಂತ.

ತಮ್ಮ


ಮಾರ್ಚ್ 2

ತಮ್ಮನಿಗೆ,

ನಿನ್ನ ಕಾಗದ ಬಂದಾಗಿನಿಂದ ದಿನಾ ಬರೀಬೇಕು ಅಂದ್ಕೋತೀನಿ. ಕುಂಬಳಕಾಯಿ ಚೆನ್ನಾಗಿತ್ತು ಅಂತ ಬರೆದು ಹರಿದು ಹಾಕಿದೆ. ಅದೊಂದೇ ಬರೆದು ಕಳಿಸಿದ್ದರೆ ಕುಂಬಳಕಾಯಿಗೇ ನಾಚಿಕೆ ಆಗ್ತಿತ್ತು.

ಇಲ್ಲಿಯ ಸಮಾಚಾರ ಕೇಳು. ಉಗ್ರಾಣದ ಹಿಂದೆ ಹಲಗೆ ಜೋಡಿಸಿದ ಒಂದು ಉದ್ದ ಬೆಂಚಿದೆ, ಎಲ್ಲರೂ ಅಲ್ಲೇ ಊಟ ಮಾಡೋದು. ಹೋದ ವಾರ ಸಂತೆಯಲ್ಲಿ ಚಕ್ಕೋತ ಹಣ್ಣು ಸಿಕ್ತು. ಒಳಗಿನ ಬಿಳಿ ಪೊರೆಯೆಲ್ಲ ಬಿಡಿಸಿ, ತೊಳೆ ಉದುರಿಸಿ, ಗೋಧಿ ನುಚ್ಚು, ಹುರಿದ ಶೇಂಗಾ, ಎಳೆ ಸೌತೆಕಾಯಿ ಜೊತೆ ಹಾಕಿದೆ. ತೊಳೆ ಬಿಡಿಸುವಾಗ ಸೋರಿದ ರಸವನ್ನೇ ನಿಂಬೆ, ಎಣ್ಣೆ ಜೊತೆ ಅಲ್ಲಾಡಿಸಿದೆ. ಇದು ನೀನು ಹೇಳಿಕೊಟ್ಟಿದ್ದಲ್ಲ, ನನ್ನದೇ. ತಟ್ಟೆಗೆ ಸುರಿದಾಗ ಬೆಸುಗೆ ಕೆಲಸದ ಹೆಂಗಸು ಕೇಳದೇ ಒಂದು ತೊಳೆ ಎತ್ತಿ ಬಾಯಿಗೆ ಹಾಕ್ಕೊಂಡಳು. ಆಮೇಲೆ ಇನ್ನೊಂದು. ಆಮೇಲೆ ತನ್ನ ಡಬ್ಬಿಯನ್ನ ನನ್ನ ಕಡೆ ತಳ್ಳಿ, ನೀನು ಇದನ್ನ ತಿನ್ನು, ಅದನ್ನ ಇಲ್ಲಿ ಕೊಡು ಅಂದಳು.

ಸೀಟಿಯಣ್ಣ ಹೇಳಿದ, ನಿನ್ನ ತಮ್ಮ ಡಾಕ್ಟರಲ್ಲವಾ, ನನ್ನ ಮಂಡಿನೋವಿಗೂ ಏನಾದರೂ ಕೇಳಮ್ಮ ಅಂತ.

ನಾನು ಹೇಳಿದೆ, "ಅವನು ಡಾಕ್ಟರಲ್ಲ ಸೀಟಿಯಣ್ಣ. ಅಡುಗೆಯವನು. ಆ ಆಸ್ಪತ್ರೇಲಿ ಮಲಗಿರೋರೆಲ್ಲ ಎದ್ದು ಕೂತು ತಿನ್ನೋದು ನನ್ನ ತಮ್ಮ ಮಾಡಿದ್ದನ್ನ."

ಬೆಸುಗೆಯವಳು, "ಹಾಗಾದರೆ ಒಳ್ಳೇದೇ ಆಯ್ತು. ನಮ್ಮನೇಲಿ ಎಲೆಕೋಸು ಯಾರೂ ಮುಟ್ಟಲ್ಲ, ಅದಕ್ಕೇನು ಮಾಡೋದು ಅಂತ ಕೇಳು" ಅಂದಳು. ಕೇಳ್ತಿದ್ದೀನಿ. ಎಲೆಕೋಸಿಗೆ ಏನು ಮಾಡೋದು?

ಬೆಂಚಿನ ಮೇಲೆ ಈಗ ಎಂಟು ಹತ್ತು ತಿರುಪು ಡಬ್ಬಿ ಸಾಲಾಗಿ ನಿಲ್ತವೆ. ಮೇಕೆ ಅಂತಿದ್ದ ಬಡಗಿಗಳಲ್ಲಿ ಇಬ್ಬರು ಈಗ ಊಟಕ್ಕೆ ಮುಂಚೆ ನನ್ನ ಹತ್ತಿರ ಬಂದು, ಅಕ್ಕ, ನಿಂಬೆಹಣ್ಣು ಇದೆಯಾ ಅಂತ ಮೆಲ್ಲಗೆ ಕೇಳ್ತಾರೆ. ಮ್ಯಾ ಅನ್ನಿ, ಕೊಡ್ತೀನಿ ಅಂತೀನಿ. ಅಂತಾರೆ.

ಅಮ್ಮನ ವಿಷಯ ಹೇಳಿದರೆ ನೀನು ನಂಬಲ್ಲ. ನಿನ್ನ ಹುಳಿರಸಕ್ಕೆ ಹುರಿದ ಜೀರಿಗೆ ಪುಡಿ ಹಾಕಿದ್ದಾಳೆ. ರುಚಿ ನೋಡು ಅಂತ ಚಮಚ ಹಿಡ್ಕೊಂಡು ನನ್ನ ಹಿಂದೆ ಹಿಂದೆ ಬಂದಳು. ಚೆನ್ನಾಗಿತ್ತು. ಚೆನ್ನಾಗಿದೆ ಅಂದಿದ್ದೇ ತಪ್ಪಾಯ್ತು, ಈಗ ಪಕ್ಕದ ಮನೆಯವರಿಗೆಲ್ಲ ಇದು ತಾನೇ ಕಂಡುಹಿಡಿದಿದ್ದು ಅಂತ ಹೇಳ್ತಿದ್ದಾಳೆ.

ನಿನ್ನ ಕಾಗದದ ದಾರಿ ಕಾಯ್ತಿದ್ದೀನಿ.

ಅಕ್ಕ


ಮಾರ್ಚ್ 11

ಅಕ್ಕಾ,

ಎಲೆಕೋಸನ್ನ ಎಳೆ ಎಳೆಯಾಗಿ ಹೆಚ್ಚಿ, ಉಪ್ಪು, ನಿಂಬೆರಸ ಹಾಕಿ, ಬಟ್ಟೆ ಒಗೆಯೋ ಹಾಗೆ ಎರಡೂ ಕೈಯಿಂದ ಚೆನ್ನಾಗಿ ಉಜ್ಜಬೇಕು. ಅದರ ಸೊಕ್ಕು ಇಳಿದು ಮೆತ್ತಗಾದ ಮೇಲೆ ನೀರು ಹಿಂಡಿ, ಕಿತ್ತಳೆ ತೊಳೆ, ಹುರಿದ ಎಳ್ಳು ಸೇರಿಸಲಿ. ಬೆಸುಗೆಯಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಸೀಟಿಯಣ್ಣನ ಮಂಡಿಗೆ ಮಾತ್ರ ನನ್ನ ಹತ್ತಿರ ಏನೂ ಇಲ್ಲ.

ಅಮ್ಮನ ಜೀರಿಗೆ ಇಲ್ಲೂ ಹಾಕಿ ನೋಡಿದೆ. ನಮ್ಮ ಮುಖ್ಯ ಅಡುಗೆಯವರು ಬೆರಳು ಅದ್ದಿ ನೆಕ್ಕಿ, ಇದು ಯಾರ ಬುದ್ಧಿ ಅಂದರು. ನಮ್ಮ ಅಮ್ಮನದು ಅಂದೆ.

ನಿನ್ನ ಕಾಗದದಲ್ಲಿ ನೀನು ಸೀಟಿಯಣ್ಣನಿಗೆ ಹೇಳಿದ ಆ ಮಾತನ್ನ ನಾನು ಎಷ್ಟು ಸಲ ಓದಿದೆ ಅಂತ ಹೇಳಲ್ಲ.

ಒಂದು ವಿಷಯ ನಿನಗೆ ಯಾವತ್ತೂ ಹೇಳೋಕೆ ಆಗಿರಲಿಲ್ಲ. ಕಾಲೇಜಿನಲ್ಲಿದ್ದಾಗ ರಜೆಯಲ್ಲಿ ಖರ್ಚಿಗೆ ಅಂತ ಇದೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋಕೆ ಸೇರಿದ್ದೆ. ಒಂದು ವಾರ್ಡಿನಲ್ಲಿ ಒಬ್ಬ ಮುದುಕ, ಹಿಂದೆ ಲಾರಿ ಓಡಿಸ್ತಿದ್ದರಂತೆ. ಏನು ಕೊಟ್ಟರೂ ತಟ್ಟೆ ಹಾಗೇ ವಾಪಸ್ ಬರ್ತಿತ್ತು. ಒಂದು ದಿನ ನಾನೇ ಒಂದು ಕಿತ್ತಳೆ ಬಿಡಿಸಿ, ತೊಳೆಗೆ ಉಪ್ಪು, ಮೆಣಸಿನ ಪುಡಿ ಉದುರಿಸಿ ತಗೊಂಡು ಹೋದೆ. ಅವರು ಒಂದು ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾನು ಹೆದರಿದೆ. ಆಮೇಲೆ ಇನ್ನೊಂದಕ್ಕೆ ಕೈ ಚಾಚಿದರು. ಮಾರನೇ ದಿನ ನುಚ್ಚಿನ ಗಂಜಿ ಕುಡಿದರು, ಅದರ ಮಾರನೇ ದಿನ ಅನ್ನ ಕೇಳಿದರು. ಮನೆಗೆ ನಡ್ಕೊಂಡೇ ಹೋದರು. ರಜೆ ಮುಗಿದು ನಾನು ಕ್ಲಾಸಿನಲ್ಲಿ ಕೂತರೂ ಮನಸ್ಸು ಆ ತಟ್ಟೆ ಹತ್ತಿರವೇ ಇರ್ತಿತ್ತು.

ನೀನು ಮೊದಲನೇ ಸಲ ಕ್ರೇನು ಹತ್ತಿ ಬಂದ ದಿನ ಊಟಕ್ಕೆ ಕೂತು, ಮೇಲಿಂದ ನದಿ ಕಾಣಿಸುತ್ತೆ ಕಣೋ ಅಂದಿದ್ದೆ. ಅವತ್ತು ನಿನ್ನ ಮುಖ ಹೇಗಿತ್ತೋ ಹಾಗೆ ನನಗೂ ಆಗಿತ್ತು ಅಂತಿಟ್ಕೋ. ಇಷ್ಟೇ.

ಪರೀಕ್ಷೆಗೆ ಮುಂಚೆ ಉಪವಾಸ ಗಿಪವಾಸ ಅಂತ ಮಾಡಬೇಡ. ದಿನಾ ತಿನ್ನೋದನ್ನೇ ತಿನ್ನು, ಸಂಜೆ ಸೈಟಿನ ಸುತ್ತ ನಡಿ, ನಿದ್ದೆ ಮಾಡು.

ನಿನ್ನ ತಮ್ಮ


ಏಪ್ರಿಲ್ 5

ಪ್ರೀತಿಯ ತಮ್ಮನಿಗೆ,

ಪಾಸು.

ಸಕ್ಕರೆ ಗಡಿಯಿಂದ ಎಷ್ಟೋ ಹಿಂದೆ ಸರಿದಿದೆ. ತೂಕದ ಯಂತ್ರದ ಮೇಲೆ ನಿಂತಾಗ ಡಾಕ್ಟರು ಯಂತ್ರ ಸರಿಯಿದೆಯಾ ಅಂತ ಇನ್ನೊಂದು ಸಲ ನಿಲ್ಲಿಸಿದರು. ಏನು ತಿಂತೀಯಮ್ಮ ಅಂದರು. ಎಲ್ಲ ಹೇಳಿದೆ. ಚಕ್ಕೋತದ ವಿಷಯ ಹೇಳುವಾಗ ಅವರ ಬಾಯಲ್ಲಿ ನೀರೂರಿದ್ದು ನನಗೆ ಕಾಣಿಸ್ತು.

ಮಾರನೇ ದಿನವೇ ಏಣಿ ಹತ್ತಿದೆ. ಮೊದಲೆಲ್ಲ ಅರ್ಧ ದಾರೀಲಿ ಕಟಕಟೆ ಹಿಡಿದು ನಿಂತು ಏದುಸಿರು ಬಿಡ್ತಿದ್ದೆ. ಈ ಸಲ ನಿಲ್ಲಲಿಲ್ಲ. ಕ್ಯಾಬಿನ್ನಿನ ಬಾಗಿಲು ತೆಗೆದು ಕೂತೆ. ಗಡಿಬಿಡಿ ಕುರ್ಚಿಯನ್ನ ಹಿಂದಕ್ಕೆ ಸರಿಸಿದ್ದ, ನನ್ನ ಅಳತೆಗೆ ಎಳ್ಕೊಂಡೆ. ಹಿಡಿಕೆ ಮೇಲೆ ಕೈ ಇಟ್ಟೆ. ಕೆಳಗಿಂದ ಸೀಟಿಯಣ್ಣ ವಾಕಿಟಾಕಿಯಲ್ಲಿ, "ಬಂದೆಯೇನಮ್ಮ" ಅಂದ. ಬಂದೆ ಅಂದೆ.

ಆದರೆ ಪೂರ್ತಿ ಸಂತೋಷ ಇಲ್ಲ. ಎಂಜಿನಿಯರ್ ನನಗೆ ಬೆಳಗಿನ ಪಾಳಿ ಮಾತ್ರ ಕೊಟ್ಟಿದ್ದಾರೆ. ಊಟ ಆದ ಮೇಲೆ ಇಳಿದು ಬರಬೇಕು, ಮಧ್ಯಾಹ್ನ ಗಡಿಬಿಡಿಯದು. "ನಿಮ್ಮ ಕೈ ಮೇಲೆ ನನಗೆ ಸಂಶಯ ಇಲ್ಲ. ಮಧ್ಯಾಹ್ನದ ಮೇಲೆ ಇದೆ. ಸ್ವಲ್ಪ ದಿನ ನೋಡೋಣ" ಅಂದರು. ಅವರನ್ನ ದೂರೋ ಹಾಗಿಲ್ಲ. ಆ ಕಟ್ಟು ತೂಗಾಡಿದ್ದನ್ನ ಅವರೂ ನೋಡಿದ್ದಾರೆ. ಆದರೂ ಪ್ರತಿದಿನ ಹೊಟ್ಟೆ ತುಂಬಿ, ಕಣ್ಣು ನಿಚ್ಚಳವಾಗಿ, ಕೈ ಚುರುಕಾಗಿ ಇರೋ ಹೊತ್ತಿಗೆ ಸರಿಯಾಗಿ ಏಣಿ ಇಳಿಯೋದು ಅಂದರೆ ಮೈ ಉರಿಯುತ್ತೆ.

ತಿಂಗಳ ಕೊನೆಗೆ, 28ಕ್ಕೆ, ದೊಡ್ಡ ಕೆಲಸ ಇದೆ. ನಾವು ಕಟ್ಟುತ್ತಿರೋದು ಎದುರುಬದುರಾದ ಎರಡು ಕಟ್ಟಡ, ನಡುವೆ ಜನ ಓಡಾಡೋ ರಸ್ತೆ. ಐದನೇ ಮಹಡಿಯಲ್ಲಿ ಈ ಕಡೆಯಿಂದ ಆ ಕಡೆಗೆ ಒಂದು ಉಕ್ಕಿನ ಸೇತುವೆ. ಒಂದೇ ತುಂಡು. ಎರಡು ತುದಿಯಲ್ಲೂ ಅಂಗೈಯಷ್ಟು ಸಂದು ಬಿಟ್ಟು ಕೂರಿಸಬೇಕು. ರಸ್ತೆ ಮುಚ್ಚೋಕೆ ಒಂದೇ ದಿನ ಒಪ್ಪಿಗೆ ಸಿಕ್ಕಿದೆ. ಬೆಳಗ್ಗೆ ಎತ್ತೋದು ಅಂತ ಗೊತ್ತಾಗಿದೆ, ಅಂದರೆ ಎತ್ತೋಳು ನಾನೇ. ಅವತ್ತಿನ ಡಬ್ಬಿಗೆ ಏನು ಹಾಕಲಿ?

ನಿನ್ನ ಅಕ್ಕ


ಏಪ್ರಿಲ್ 13

ಅಕ್ಕಾ,

ಪಾಸು ಅನ್ನೋ ಒಂದೇ ಪದ ಓದಿ, ಇಲ್ಲಿ ಎಲ್ಲರಿಗೂ ಕಿತ್ತಳೆ ಹಂಚಿದೆ.

ಅವತ್ತಿಗೆ ಹೊಸ ಪ್ರಯೋಗ ಬೇಡ. ಹೊಟ್ಟೆಗೆ ಪರಿಚಯ ಇರೋದೇ ಇರಲಿ. ಕಡಲೆಕಾಳು, ನುಚ್ಚು, ಹುರಿದ ಕುಂಬಳ, ಕ್ಯಾರೆಟ್, ಪಾಲಕ್. ಡ್ರೆಸ್ಸಿಂಗ್ ಎಣ್ಣೆ ಸ್ವಲ್ಪ ಕಮ್ಮಿ, ನಿಂಬೆ, ಕಿತ್ತಳೆ ಸಮಸಮ, ಅಮ್ಮನ ಜೀರಿಗೆ ಒಂದು ಚಿಟಿಕೆ. ಪೂರ್ತಿ ತಿನ್ನು, ಆತಂಕಕ್ಕೆ ಅರ್ಧ ಬಿಡಬೇಡ. ನೀರು ಕುಡೀತಿರು.

ಆ ದಿನ ನನಗೂ ಬೆಳಗಿನ ಪಾಳಿ. ಹೆಚ್ಚುವಾಗ ಬೆರಳು ಜೋಪಾನ ಅಂತ ನನಗೆ ನಾನೇ ಹೇಳ್ಕೋಬೇಕು.

ತಮ್ಮ


ಏಪ್ರಿಲ್ 30

ಪ್ರೀತಿಯ ತಮ್ಮನಿಗೆ,

ಕೂರಿಸಿದೆ ಕಣೋ. ಮೊದಲಿಂದ ಹೇಳ್ತೀನಿ, ಕೇಳು.

ಮೊನ್ನೆ ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಮೇಲೆ ಕೂತಿದ್ದೆ. ರಸ್ತೆಯ ಎರಡೂ ತುದಿಗೆ ತಡೆ ಹಾಕಿದ್ದರು, ಅದರಾಚೆ ಜನ ಸೇರಿದ್ದರು. ಕೆಳಗೆ ಸೇತುವೆ ದಿಮ್ಮಿಗಳ ಮೇಲೆ ಮಲಗಿತ್ತು. ಎಲ್ಲ ಸಿದ್ಧ, ಗಾಳಿ ಮಾತ್ರ ನಮ್ಮ ಮಾತು ಕೇಳಲಿಲ್ಲ. ನದಿ ಕಡೆಯಿಂದ ಬೀಸೋಕೆ ಶುರುವಾಗಿದ್ದು ನಿಲ್ಲಲೇ ಇಲ್ಲ. ಅಷ್ಟು ಅಗಲದ ವಸ್ತುವನ್ನ ಗಾಳಿಗೆ ಎತ್ತಿದರೆ ಅದು ಬಾಗಿಲಿನ ಹಾಗೆ ತಿರುಗುತ್ತೆ. ಎಂಜಿನಿಯರ್ ಕಾಯೋಣ ಅಂದರು. ಕಾದೆವು. ಕ್ಯಾಬಿನ್ನು ತೊಟ್ಟಿಲಿನ ಹಾಗೆ ತೂಗ್ತಿತ್ತು. ಬೆಳಗಿನ ಹೊತ್ತೆಲ್ಲ ಹಾಗೇ ಹೋಯ್ತು.

ಊಟದ ಹೊತ್ತಾಯ್ತು. ಇಳಿಯೋದೋ ಬೇಡವೋ ಅಂತ ಯಾರೂ ಹೇಳಲಿಲ್ಲ. ಡಬ್ಬಿ ತಲೆಕೆಳಗು ಮಾಡಿ ತಟ್ಟೆಗೆ ಸುರಿದೆ. ಕುಂಬಳ ಇನ್ನೂ ಗಟ್ಟಿಯಾಗಿತ್ತು, ಪಾಲಕ್ ಗರಿಗರಿ. ನೀನು ಹೇಳಿದ ಹಾಗೆ ಒಂದು ಕಾಳೂ ಬಿಡದೆ ತಿಂದೆ. ಬಾಯಲ್ಲಿ ಕಿತ್ತಳೆ ಹುಳಿ ಇನ್ನೂ ಇರುವಾಗಲೇ ಎದುರು ಕಟ್ಟಡದ ತುದಿಯಲ್ಲಿ ಕಟ್ಟಿದ್ದ ಬಟ್ಟೆ ಮೆಲ್ಲಗೆ ಜೋತುಬಿತ್ತು. ಗಾಳಿ ನಿಂತಿತ್ತು.

ವಾಕಿಟಾಕಿಯಲ್ಲಿ ಎಂಜಿನಿಯರ್ ದನಿ. "ಊಟ ಆಯ್ತಾ?"

"ಆಯ್ತು ಸಾರ್."

ಕೆಳಗೆ ನನ್ನ ಕ್ಯಾಬಿನ್ ಕಡೆಯೇ ನೋಡ್ತಾ ನಿಂತಿದ್ದರು. ಅವರು ಏನು ಯೋಚಿಸ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಅದೇ ಬಿಸಿಲು, ಅದೇ ಹೊತ್ತು. ಗಡಿಬಿಡಿ ಐದನೇ ಮಹಡಿಯ ತುದೀಲಿ ನಿಂತಿದ್ದ, ಅಲ್ಲಿಂದ ಸನ್ನೆ ಕೊಡೋದು ಅವನ ಕೆಲಸ.

ಕೊನೆಗೆ ಕೇಳಿದರು, "ಇವನನ್ನ ಮೇಲೆ ಕಳಿಸಲಾ? ನೀವೇ ಹೇಳಿ."

ನನಗಿಂತ ಮುಂಚೆ ಗಡಿಬಿಡಿ ಮಾತಾಡಿದ. "ಸಾರ್, ಇದು ಅವರ ಕೆಲಸ. ಅವರು ಕೂರಿಸಿದರೆ ಬೋಲ್ಟು ಹಾಕೋಕೆ ನಾನಿರ್ತೀನಿ" ಅಂದ.

"ನನ್ನ ಕಣ್ಣು ನಿಚ್ಚಳವಾಗಿದೆ ಸಾರ್. ಒಂಚೂರು ಮಂಕಾದರೂ ಮೊದಲು ನಿಮಗೇ ಹೇಳ್ತೀನಿ, ಕೆಳಗಿಟ್ಟು ಇಳಿದು ಬರ್ತೀನಿ" ಅಂದೆ.

"ಎತ್ತಿ" ಅಂದರು.

ಸೀಟಿಯಣ್ಣ ಒಂದೊಂದೇ ಮಾತು ಹೇಳ್ತಾ ಹೋದ. ಮೇಲೆ, ಮೇಲೆ, ನಿಧಾನ. ಕೊಕ್ಕೆಯ ಉಕ್ಕಿನ ಹಗ್ಗಗಳು ಬಿಗಿದವು, ಸೇತುವೆ ದಿಮ್ಮಿ ಬಿಟ್ಟಿತು. ಒಂದು ಗೇಣು ಎತ್ತಿ ನಿಲ್ಲಿಸಿದೆ, ಎಲ್ಲ ಸಮ ಇದೆಯಾ ಅಂತ ನೋಡಿದರು. ಮತ್ತೆ ಎತ್ತಿದೆ. ಎರಡು ತುದಿಗೂ ಕಟ್ಟಿದ್ದ ಹಗ್ಗ ಹಿಡಿದು ಬಡಗಿಗಳು ಕೆಳಗಿಂದ ಸಂಭಾಳಿಸ್ತಿದ್ದರು. ಒಂದು ಮಹಡಿ, ಇನ್ನೊಂದು ಮಹಡಿ. ಐದನೆಯದು ದಾಟಿಸಿ, ತಿರುಗಿಸಿ, ಕೂರಿಸೋ ಜಾಗದ ಮೇಲೆ ತಂದು ನಿಲ್ಲಿಸಿದೆ. ಅಲ್ಲಿಂದ ಗಡಿಬಿಡಿ ಮಾತು. ಅವನು ಅಷ್ಟು ನಿಧಾನವಾಗಿ ಮಾತಾಡಿದ್ದನ್ನ ನಾನು ಕೇಳೇ ಇರಲಿಲ್ಲ. "ನಿಮ್ಮ ಕಡೆ ಎರಡು ಬೆರಳು. ಇನ್ನೊಂದು. ಸಾಕು. ಈಗ ಇಳಿಸಿ."

ಭಯ ಇತ್ತು, ಇಲ್ಲ ಅಂದರೆ ಸುಳ್ಳು. ಆದರೆ ತಲೆ ಎಷ್ಟು ತಿಳಿಯಾಗಿತ್ತು ಅಂದರೆ ಗಡಿಬಿಡಿಯ ಕೈಗವಸಿನ ಹೊಲಿಗೆ ಬಿಚ್ಚಿರೋದು ಕೂಡ ನನಗೆ ಅಲ್ಲಿಂದ ಕಂಡ ಹಾಗಾಯ್ತು. ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸಿದೆ. ಒಂದು ತುದಿ ಕೂತ ಸದ್ದು ಬಂತು. ಇನ್ನೊಂದು ತುದಿ ಕೂತ ಸದ್ದು ಬಂತು. ಬೋಲ್ಟು ಬಿಗಿದರು. "ಕೊಕ್ಕೆ ಬಿಡಿ" ಅಂದ ಗಡಿಬಿಡಿ.

ತಡೆಯ ಆಚೆ ನಿಂತ ಜನ ಚಪ್ಪಾಳೆ ತಟ್ಟಿದ್ದು ನನಗೆ ಕೇಳಿಸಲಿಲ್ಲ, ಕಂಡಿತು. ಎಲ್ಲರ ಕೈಯೂ ತಲೆಗಿಂತ ಮೇಲಿತ್ತು. ಎಂಜಿನಿಯರ್ ವಾಕಿಟಾಕಿಯಲ್ಲಿ, "ನಾಳೆಯಿಂದ ಮಧ್ಯಾಹ್ನಾನೂ ನಿಮ್ಮದೇ" ಅಂದರು.

ಇವತ್ತು ಸೇತುವೆಗೆ ಕಟಕಟೆ ಹಾಕಿ ಆಯ್ತು. ಎತ್ತಿದವರೇ ಮೊದಲು ದಾಟಲಿ ಅಂದರು. ಒಬ್ಬಳೇ ದಾಟೋಕೆ ಮನಸ್ಸು ಬರಲಿಲ್ಲ, ಅಮ್ಮನನ್ನ ಕರೆಸಿದೆ. ಮಗಳು ಅಷ್ಟು ಎತ್ತರದಲ್ಲಿ ಕೂರೋದನ್ನ ನೋಡೋಕೆ ಆಗಲ್ಲ ಅಂತ ಇಷ್ಟು ವರ್ಷ ಸೈಟಿನ ಗೇಟಿಗೂ ಬಂದವಳಲ್ಲ ಅವಳು. ಹೆಲ್ಮೆಟ್ ಹಾಕಿಸಿ ಕೈ ಹಿಡ್ಕೊಂಡು ನಡೆಸಿದೆ. ಅರ್ಧ ದಾರೀಲಿ ನಿಂತಳು. ಕೆಳಗೆ ಬಸ್ಸು, ಸೈಕಲ್ಲು, ಜನ ಹೋಗ್ತಿದ್ದರು. ಬಗ್ಗಿ ನೋಡಿದಳು. ಆಮೇಲೆ ಕತ್ತೆತ್ತಿ ಕ್ರೇನು ನೋಡಿದಳು.

"ಇದನ್ನ ಅಲ್ಲಿ ಕೂತು ಎತ್ತಿದೆಯಾ?"

"ಹೌದಮ್ಮ."

"ಇಷ್ಟು ಭಾರಾನ?"

"ಹೌದು."

ಆ ಕಡೆಗೆ ದಾಟಿದ ಮೇಲೆ ಎದುರಿಗೆ ಬಣ್ಣ ಹಚ್ಚೋರು, ವೈರಿಂಗಿನವರು ನಿಂತಿದ್ದರು. ಅಮ್ಮ ಒಬ್ಬೊಬ್ಬರ ಮುಂದೆಯೂ ನಿಂತು ಹೇಳ್ತಾ ಹೋದಳು, "ಇವಳು ನನ್ನ ಮಗಳು. ಇದನ್ನ ಎತ್ತಿದ್ದು ಇವಳೇ. ಇವಳ ಊಟ ನನ್ನ ಮಗ ಹೇಳಿಕೊಟ್ಟಿದ್ದು. ಅವನು ಅಡುಗೆಯವನು." ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಹೇಳಿದಳು. ಕೊನೆಗೆ ಬಣ್ಣದ ಡಬ್ಬ ಹಿಡಿದು ಅವಸರದಲ್ಲಿ ಹೋಗ್ತಿದ್ದ ಒಬ್ಬನನ್ನೂ ತಡೆದು ನಿಲ್ಲಿಸಿ ಹೇಳಿದಳು. ನಾನು ಪಕ್ಕದಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡೆ.

ನಿನ್ನ ಅಕ್ಕ